ಕೊಂಡಪ್ಪನ ಹೊಲದ ಮೀನು

ಗಂಗಣ್ಣ ಆ ಬೆಳಿಗ್ಗೆಯೂ ಬರಿಗೈಯಲ್ಲಿ ಕೆರೆಯ ಏರಿ ಹತ್ತಿದ. ಹೆಗಲ ಮೇಲೆ ಬಿದಿರಿನ ಗಾಳದ ಕೋಲು, ಕೈಯಲ್ಲಿ ಕಡ್ಲೆಕಾಯಿ ಹಿಂಡಿಯನ್ನೂ ರಾಗಿ ಹಿಟ್ಟನ್ನೂ ಕಲಸಿದ ಉಂಡೆಯ ಗಂಟು. ಉಂಡೆ ಹೋಗುವಾಗ ಎಷ್ಟಿತ್ತೋ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಏರಿಯ ಮೇಲೆ ಹೊಂಗೆ ಮರದಡಿ ಟೀ ಕಾಯಿಸುವ ಆಂಜಿನಪ್ಪ ಲೋಟ ತೊಳೆಯುತ್ತಲೇ ಮಾತಿಗೆಳೆದ.

"ಏನಣ್ಣಾ, ಗಂಗಮ್ಮ ಇವತ್ತೂ ಬಾಗ್ಲು ತೆಗೀಲಿಲ್ವಾ?"

"ತೆಗೀತಾಳೆ. ಅವಸರ ಏನು."

"ನಂಗೇನಪ್ಪ ಅವಸರ. ಟೆಂಡರ್‌ನೋರಿಗೆ ಅವಸರ. ಸೋಮವಾರ ಬಲೆ ಬಿಡ್ತಾರಂತೆ. ಹೊಸಕೋಟೆ ಮಾರ್ಕೆಟ್ಟಿಂದ ಜೀವ ಇರೋದೊಂದ ಬಕೆಟ್ಟಲ್ಲಿ ತಂದು ತೋರ್ಸಿ ಬಿಟ್ಬಿಡು. ಯಾರಿಗ್ ಗೊತ್ತಾಗ್ತದೆ?"

"ಆಯಮ್ಮಂಗೆ ಗೊತ್ತಾಗ್ತದೆ. ತನ್ನ ಮಡ್ಲಲ್ಲಿ ಬೆಳ್ದಿರೋ ಮಕ್ಕಳ ಗುರ್ತು ತಾಯಿಗಿರಲ್ವಾ?"

"ಸರಿ ಬಿಡು. ಹುಡುಗ್ರು ಗಾಳದ ಗಂಗಣ್ಣ ಹೋಗಿ ಗಾಳಿ ಗಂಗಣ್ಣ ಆದ ಅಂತ ಆಡ್ಕೊಂತಾವ್ರೆ, ಅದುಕ್ಕಂದೆ."

ಗಂಗಣ್ಣ ಟೀ ಕುಡಿಯದೆ ಹೊರಟುಹೋದ.

ಆವತಿಯಿಂದ ಒಳಕ್ಕೆ ಹೋದರೆ ಸಿಗುವ ಹೊಂಗೆಪಾಳ್ಯದಲ್ಲಿ ಒಂದು ಪದ್ಧತಿ ಇತ್ತು. ಕೆರೆ ಕೋಡಿ ಬಿದ್ದ ವರ್ಷ, ಬಲೆ ಇಳಿಯುವ ಮೊದಲು, ತೂಬಿನ ಮನೆಯವರು ಗಾಳದಲ್ಲಿ ಒಂದು ಮೀನು ಹಿಡಿಯಬೇಕು. ಅದಕ್ಕೆ ಅರಿಸಿನ ಕುಂಕುಮ ಇಟ್ಟು, ತೂಬಿನ ಕಲ್ಲಿನ ಮೇಲಿರುವ ಗಂಗಮ್ಮನಿಗೆ ತೋರಿಸಿ, ಜೀವಂತ ನೀರಿಗೆ ಬಿಡಬೇಕು. ಆಮೇಲೆ ಊರಿನವರು ಹಿಡಿಯಬಹುದು, ತಿನ್ನಬಹುದು. ಗಂಗಣ್ಣನದು ತೂಬಿನ ಮನೆ. ಹಿಂದಿನವರು ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿದ್ದರಿಂದ ಬಂದ ಹೆಸರು. ಈಗ ಗದ್ದೆಯೂ ಇಲ್ಲ, ತೂಬು ತೆಗೆಯುವ ಕೆಲಸವೂ ಇಲ್ಲ. ಉಳಿದದ್ದು ಈ ಮೀನೊಂದೇ. ಕಳೆದ ಸಲ ಕೋಡಿ ಬಿದ್ದಾಗ ಗಂಗಣ್ಣನ ಮಗ ಬೈರೇಶ್ ತೊಟ್ಟಿಲಲ್ಲಿದ್ದ. ಮೀನು ಕೊಟ್ಟವನು ಗಂಗಣ್ಣನ ಅಪ್ಪ. ಈಗ ಬೈರೇಶ್ ಏರ್‌ಪೋರ್ಟಿನ ಬಸ್ ಓಡಿಸುತ್ತಾನೆ. ನಡುವೆ ಕೆರೆ ಬತ್ತಿ, ಬಿರಿದು, ಕೆರೆ ಎನ್ನುವುದೇ ಮರೆತುಹೋಗಿತ್ತು.

ಬತ್ತಿದ ಕೆರೆಯನ್ನು ಯಾರೂ ಸುಮ್ಮನೆ ಬಿಟ್ಟಿರಲಿಲ್ಲ. ಕೆರೆಯಂಗಳದಲ್ಲಿ ಊರಿನವರು ತಮಗೆ ತಾವೇ ಬದು ಹಾಕಿಕೊಂಡು ಹುರುಳಿ ಚೆಲ್ಲಿದರು, ನೀಲಗಿರಿ ನೆಟ್ಟರು. ಇದು ನಿನ್ನ ಹೊಲ, ಇದು ನನ್ನ ಹೊಲ ಎಂದು ಜಗಳವನ್ನೂ ಆಡಿದರು. ವಿಮಾನ ನಿಲ್ದಾಣ ಬಂದ ವರ್ಷಗಳಲ್ಲಿ ಸುತ್ತಲೂ ಲೇಔಟುಗಳು ಎದ್ದಾಗ ಟಿಪ್ಪರುಗಳು ಕೆರೆಯೊಳಗೇ ಇಳಿದು ಮಣ್ಣು ಹೊತ್ತವು. ಆಮೇಲೆ ಯಾರೂ ನಿರೀಕ್ಷಿಸದ ಹಾಗೆ ಎರಡು ಮಳೆಗಾಲ ಒಂದರ ಹಿಂದೊಂದು ಸುರಿದು ಕೆರೆ ತುಂಬಿತು, ಕೋಡಿ ಹರಿಯಿತು. ಟೆಂಡರ್ ಹಿಡಿದವರು ಮೀನಿನ ಮರಿ ಬಿಟ್ಟರು. ಈಗ ಯುಗಾದಿ ಕಳೆದಿತ್ತು. ಬಿಸಿಲಿಗೆ ನೀರು ಇಳಿಯುತ್ತಿತ್ತು, ಮರಿಗಳು ಬೆಳೆದಿದ್ದವು.

ಗಂಗಣ್ಣ ಕೂರುತ್ತಿದ್ದದ್ದು ತೂಬಿನ ಬಾಯಿಯ ಬಳಿ. ಅವನ ಅಪ್ಪ ಕೂತ ಜಾಗ. ಅಲ್ಲಿ ಆಳ, ಅಲ್ಲಿ ತಂಪು, ಅಲ್ಲಿ ಮೀನು. ಅವನಿಗೆ ಗೊತ್ತಿದ್ದ ಕೆರೆ ಹಾಗಿತ್ತು. ಈ ಸಲ ಅಲ್ಲಿ ಗಾಳದ ಬೆಂಡು ಅಲುಗಲೇ ಇಲ್ಲ.

ಮನೆಯಲ್ಲಿ ಹೆಂಡತಿ ಮುನಿವೆಂಕಟಮ್ಮ ಅವನ ಮುಖ ನೋಡಿ ತಟ್ಟೆ ಇಟ್ಟಳು. ಸೊಸೆ ನವ್ಯಶ್ರೀ ಆಗತಾನೆ ಎದ್ದು ಕೂದಲು ಕಟ್ಟಿಕೊಳ್ಳುತ್ತಿದ್ದಳು. ಅವಳದು ಏರ್‌ಪೋರ್ಟಿನ ಸರಕು ಕಟ್ಟಡದ ಕೋಲ್ಡ್ ರೂಮಿನಲ್ಲಿ ಕೆಲಸ. ಸುತ್ತಲಿನ ತೋಟಗಳ ಗುಲಾಬಿ, ದ್ರಾಕ್ಷಿ ವಿಮಾನ ಹತ್ತುವವರೆಗೆ ಬಾಡದಂತೆ ತಣ್ಣಗೆ ಕಾಯುವುದು. ಆ ವಾರ ಅವಳಿಗೆ ಮಧ್ಯಾಹ್ನದ ಶಿಫ್ಟು.

"ಮಾವ, ಒಂದು ಮಾತು ಹೇಳ್ಲಾ?" ಎಂದಳು.

"ಹೇಳಮ್ಮ."

"ತೂಬಿನ ಹತ್ರ ನೀರು ಬಿಸಿ ಐತೇನೋ."

"ತೂಬಿನ ಹತ್ರ ಬಿಸಿನಾ? ನಮ್ಮಪ್ಪ ಅಲ್ಲಿ ಇಳಿದ್ರೆ ಹಲ್ಲು ಕಟಕಟ ಅಂತಿತ್ತು."

"ಆವಾಗ ಇತ್ತು ಮಾವ. ಈಗ ಹೂಳು ತುಂಬಿದ್ರೆ? ಅಳ್ದು ನೋಡೋಣ. ನಮ್ಮ ಕೋಲ್ಡ್ ರೂಮಲ್ಲೂ ಹಿಂಗೇ. ಗೋಡೆ ಮೇಲಿನ ಮೀಟ್ರು ನಾಲ್ಕು ಡಿಗ್ರಿ ಅಂತ ತೋರುಸ್ತಿರ್ತದೆ, ಬಾಗ್ಲತ್ರ ಇಟ್ಟ ಗುಲಾಬಿ ಮಾತ್ರ ಬಾಡಿರ್ತದೆ. ಅದುಕ್ಕೆ ರೂಮಿನ ತುಂಬಾ ಮೂಲೆಮೂಲೆಗೂ ಮೀಟ್ರಿಟ್ಟು ಎಲ್ಲಿ ತಂಪು, ಎಲ್ಲಿ ಬಿಸಿ ಅಂತ ನಕ್ಷೆ ಮಾಡ್ತೀವಿ. ಆಮೇಲೆ ಹೂವ ಎಲ್ಲಿಡ್ಬೇಕು ಅಂತ ಗೊತ್ತಾಗ್ತದೆ."

"ಹೂವು ಇಟ್ಟಲ್ಲಿ ಇರ್ತದೆ ಕಣಮ್ಮ. ಮೀನು ಇರ್ತದಾ?"

"ಇರಲ್ಲ. ತಾನೇ ತಂಪು ಹುಡುಕ್ಕೊಂಡು ಹೋಗ್ತದೆ. ನಮಗೆ ಕೆಲಸ ಕಮ್ಮಿ."

ಗಂಗಣ್ಣ ನಗಲಿಲ್ಲ. ಆದರೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಮುನಿವೆಂಕಟಮ್ಮ ಒಳಗಿನಿಂದಲೇ, "ಹೋಗಿ ನೋಡು. ತೂಬಿನ ಹತ್ರ ಕೂತು ಏನ್ ಗುಡ್ಡೆ ಹಾಕಿದ್ದೀಯ," ಅಂದಳು.

ಹಿತ್ತಲಲ್ಲಿ ಗಂಗಣ್ಣನೇ ಕಟ್ಟಿದ್ದ ತೆಪ್ಪವಿತ್ತು. ನಾಲ್ಕು ನೀಲಿ ಡ್ರಮ್ಮು, ಮೇಲೆ ಹಲಗೆ, ಸುತ್ತ ಬಿಗಿದ ಬಿದಿರು. ಶುಕ್ರವಾರ ಬೆಳಿಗ್ಗೆ ಅದನ್ನು ನೀರಿಗಿಳಿಸಿದರು. ನವ್ಯಶ್ರೀ ಕೆಲಸದಲ್ಲಿ ಕೇಳಿ ತಂದಿದ್ದ ಹಳೆಯ ಮೀಟರು ಬೆಂಕಿಪೊಟ್ಟಣದಷ್ಟಿತ್ತು. ಅದರಿಂದ ಉದ್ದನೆಯ ವೈರು, ವೈರಿನ ತುದಿಗೆ ಬೆರಳಿನಂಥ ಲೋಹದ ಕಡ್ಡಿ. ಆ ಕಡ್ಡಿಯನ್ನು ಅವಳು ಅತ್ತೆಯ ಹಳೆಯ ತಕ್ಕಡಿಯ ಕಬ್ಬಿಣದ ಬಟ್ಟಿನ ಜೊತೆ ಹಗ್ಗಕ್ಕೆ ಕಟ್ಟಿದ್ದಳು. ಹಗ್ಗಕ್ಕೆ ಮೊಳಕ್ಕೊಂದು ಗಂಟು. ಗಂಟು ಎಣಿಸಿದರೆ ಆಳ, ಮೀಟರು ನೋಡಿದರೆ ತಂಪು. ಫೋನಿನಲ್ಲಿ ಜಿಪಿಎಸ್ ಇತ್ತು. ನಿಂತ ಜಾಗವನ್ನು ಅದು ಒಂದು ಚುಕ್ಕಿಯಾಗಿ ಹಿಡಿದಿಡುತ್ತಿತ್ತು.

ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ನವ್ಯಶ್ರೀ ಫೋನಿಗೆ ಸೆರಗಿನ ನೆರಳು ಮಾಡಿ ಮಾವನಿಗೆ ತೋರಿಸಿದಳು.

"ನೋಡಿ ಮಾವ, ನಾವಿಬ್ರೂ ಈಗ ನೀಲಗಿರಿ ತೋಪಲ್ಲಿದ್ದೀವಿ."

ಗಂಗಣ್ಣ ಬಗ್ಗಿ ನೋಡಿದ. ಆಕಾಶದಿಂದ ತೆಗೆದ ಚಿತ್ರ, ಕೆರೆ ಬತ್ತಿದ್ದ ಕಾಲದ್ದು. ಕಂದು ನೆಲ, ಚೌಕ ಚೌಕ ಹೊಲ, ಕಡುಹಸಿರು ತೋಪು, ನಡುವೆ ದಾರದಂಥ ಒಂದು ಬಿಳೀ ಗೆರೆ. ಅದರ ಮೇಲೆ ಒಂದು ನೀಲಿ ಚುಕ್ಕಿ, ತೆಪ್ಪ ಚಲಿಸಿದಂತೆ ತಾನೂ ಚಲಿಸುತ್ತಿತ್ತು. ಸುತ್ತ ನೋಡಿದರೆ ನೀರು, ಫೋನಿನೊಳಗೆ ಒಣನೆಲ.

"ಹುರುಳಿ ಒಕ್ಕಿದ ಕಣ ಇಲ್ಲೇ ಇತ್ತು," ಎಂದ ಅವನು. "ಇಲ್ಲೇ ಊಟ ಮಾಡ್ತಿದ್ವಿ."

ತಲೆಯ ಮೇಲೆ ಒಂದು ವಿಮಾನ ಚಕ್ರ ಇಳಿಸಿಕೊಂಡು ಹೋಯಿತು. ಇಬ್ಬರೂ ತಲೆಯೆತ್ತಲಿಲ್ಲ.

ಅವಳು ಕೆಲಸ ಮಾಡುವ ರೀತಿಯನ್ನು ಗಂಗಣ್ಣ ಅಂದು ಮೊದಲ ಸಲ ನೋಡಿದ. ಕಡ್ಡಿ ಇಳಿಸಿ, ಅಂಕಿ ನಿಲ್ಲುವವರೆಗೆ ಉಸಿರು ಹಿಡಿದವಳಂತೆ ಕಾಯುತ್ತಿದ್ದಳು. ಅಂಕಿ ನಿಂತ ಮೇಲೂ ಒಂದು ಕ್ಷಣ ಬಿಟ್ಟೇ ಫೋನಿಗೆ ಹಾಕುತ್ತಿದ್ದಳು. ತೆಪ್ಪ ಗಾಳಿಗೆ ಜರುಗಿದರೆ, "ಮಾವ, ಇದು ಆಗಲಿಲ್ಲ, ಇನ್ನೊಂದ್ಸಲ," ಎಂದು ವಾಪಸು ತರಿಸುತ್ತಿದ್ದಳು. ತೆಪ್ಪ ನಡೆಸುವ ಗಳ ಒತ್ತಿ ಒತ್ತಿ ಅವನ ರಟ್ಟೆ ಸೋತರೂ ಬೇಡ ಅನ್ನಲಿಲ್ಲ. ನಾಟಿ ಹಾಕುವಾಗ ಸಾಲು ತಪ್ಪಿದ ಪೈರನ್ನು ಕಿತ್ತು ಮತ್ತೆ ನೆಡುತ್ತಿದ್ದ ತನ್ನ ತಾಯಿಯನ್ನು ಅವನು ನೆನೆದ. ಆಕೆಯ ಗದ್ದೆಯಲ್ಲೂ ಯಾರೂ ಬೇಗ ಮುಗಿಸಿ ಮನೆಗೆ ಹೋಗುವಂತಿರಲಿಲ್ಲ.

ತೂಬಿನ ಬಳಿ ಹಗ್ಗ ಮೂರು ಗಂಟಿಗೇ ತಳ ಮುಟ್ಟಿತು. ನೀರು ಹೆಚ್ಚುಕಡಿಮೆ ಮೂವತ್ತು ಡಿಗ್ರಿ. ಗಂಗಣ್ಣ ಹಗ್ಗ ಇಸಿದುಕೊಂಡು ತಾನೇ ಇಳಿಸಿ ನೋಡಿದ. ಮೂರೇ ಗಂಟು. ಅಷ್ಟು ಬೆಳಿಗ್ಗೆಗಳನ್ನು ಅವನು ಹೂಳಿನ ಮೇಲೆ ಕೂತು ಕಳೆದಿದ್ದ.

ಎಲ್ಲಕ್ಕಿಂತ ತಂಪಾದ ಜಾಗ ಸಿಕ್ಕಿದ್ದು ಕೆರೆಯ ನಡುವೆ, ಟಿಪ್ಪರುಗಳು ತೋಡಿದ ಗುಂಡಿಯಲ್ಲಿ. ಅಲ್ಲಿ ತಳ ಇಪ್ಪತ್ತೈದು ಡಿಗ್ರಿ ತೋರಿಸಿತು. ನವ್ಯಶ್ರೀಯ ಮುಖ ಅರಳಿತು. ಗಂಗಣ್ಣ ಕೂಡಲೇ ಉಂಡೆ ಚುಚ್ಚಿ ಗಾಳ ಬಿಟ್ಟ. ಬಿಸಿಲು ನೆತ್ತಿಗೆ ಬರುವವರೆಗೆ ಕೂತರು. ಬೆಂಡು ನೀರಿನ ಮೇಲೆ ಮಲಗಿದಂತಿತ್ತು. ಕೊನೆಗೆ ಹಗ್ಗ ಎಳೆದಾಗ ಬಟ್ಟಿಗೆ ಕರೀ ಕೆಸರು ಮೆತ್ತಿಕೊಂಡು ಬಂತು. ಕೊಳೆತ ಮೊಟ್ಟೆಯ ನಾತ ಹೊಡೆಯಿತು.

"ಇಲ್ಲಿ ತಂಪೇನೋ ಐತೆ," ಎಂದ ಗಂಗಣ್ಣ ಮೂಗು ಮುಚ್ಚಿಕೊಂಡು. "ಮೀನಿಗೂ ಮೂಗೈತಲ್ಲಮ್ಮ."

ಅವಳು ನಾಚಿಕೊಳ್ಳಲಿಲ್ಲ, ಸಬೂಬೂ ಹೇಳಲಿಲ್ಲ. ಬಟ್ಟನ್ನು ನೀರಲ್ಲಿ ತೊಳೆಯುತ್ತ ಯೋಚಿಸಿದಳು. "ಹೌದು ಮಾವ. ನಾನು ತಳ ಮಾತ್ರ ನೋಡ್ದೆ, ನಡುನೀರು ನೋಡ್ಲೇ ಇಲ್ಲ. ಕೋಲ್ಡ್ ರೂಮಲ್ಲಿ ಫ್ಯಾನ್ ಗಾಳಿ ತಾಕ್ದೇ ಇರೋ ಮೂಲೆ ಒಂದೈತೆ. ಅಲ್ಲೂ ತಂಪೇ. ಹೂವಿಟ್ರೆ ಕೊಳೀತದೆ. ನಾಳೆ ಇನ್ನೊಂದ್ಸಲ ಅಳೀಬೇಕು, ಒಂದೊಂದು ಮೊಳಕ್ಕೂ."

"ಪೂರ್ತಿ ಕೆರೆನಾ?"

"ಪೂರ್ತಿ."

ಗಂಗಣ್ಣ ಗಳ ಎತ್ತಿಕೊಂಡ. ಒಂದು ಸಲ ತಪ್ಪಾದರೆ ಎರಡನೆಯ ಸಲ ಇನ್ನೂ ಹತ್ತಿರದಿಂದ ನೋಡುವವರು ಅವನಿಗೆ ಇಷ್ಟ. ಅಂಥವರನ್ನು ಅವನು ಹೆಚ್ಚು ಕಂಡಿರಲಿಲ್ಲ. ಆ ಮಾತನ್ನು ಸೊಸೆಗೆ ಹೇಳಲು ಬಾಯಿ ಬರಲಿಲ್ಲ. "ನಾಳೆ ಒಂದು ಟೋಪಿ ಹಾಕ್ಕೊ. ಬಿಸ್ಲು," ಎಂದಷ್ಟೇ ಅಂದ.

ಶನಿವಾರ ಮತ್ತೆ ಅಳೆದರು. ಕೆಲಸಕ್ಕೆ ಹೊರಡುವ ಮೊದಲು ನವ್ಯಶ್ರೀ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಯ ಬಟ್ಟಲುಗಳನ್ನು ತಂದಿಟ್ಟುಕೊಂಡಳು. ಮಾವನಿಗೆ ಫೋನಿನ ಪರದೆ ಬಿಸಿಲಲ್ಲಿ ಕಾಣುತ್ತಿರಲಿಲ್ಲ. ಅಲ್ಲದೆ ಅಷ್ಟು ಚಿಕ್ಕದರಲ್ಲಿ ಇಡೀ ಕೆರೆ ಅವನ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಅವಳು ಫೋನು ನೋಡಿ ನೋಡಿ ಸಾಲು ಸಾಲಾಗಿ ಚುಕ್ಕಿ ಇಟ್ಟಳು. ಬಿಸಿನೀರಿನ ಜಾಗಕ್ಕೆ ಕೆಂಪು ಪುಡಿ, ನಡುವಿನದಕ್ಕೆ ಹಳದಿ, ತಂಪಿಗೆ ನೀಲಿ. ನಾತದ ಗುಂಡಿಗೆ ಇದ್ದಿಲ ಪುಡಿ.

ಮುನಿವೆಂಕಟಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ಬಂದು ನಿಂತಳು. "ಇದ್ಯಾವ ರಂಗೋಲಿನೇ? ಎಳೆನೇ ಎಳ್ದಿಲ್ಲ."

"ಕೆರೆ ಅತ್ತೆ. ಇದು ಏರಿ. ಇದು ತೂಬು. ಇದು ನೀವು ಬಟ್ಟೆ ಒಗೆಯೋ ಸೋಪಾನ."

ಅವಳು ಸೊಂಟಕ್ಕೆ ಕೈಕೊಟ್ಟು ಒಂದು ಸುತ್ತು ಬಂದಳು. ಜೀವನವಿಡೀ ಚುಕ್ಕಿ ಇಟ್ಟವಳು. ಓದು ಬರದಿದ್ದರೂ ಚುಕ್ಕಿ ಓದುವುದು ಬರುತ್ತಿತ್ತು. "ಕೆಂಪು ಇಲ್ಲಿ ಮುಗೀತದೆ, ನೀಲಿ ಇಲ್ಲಿ ಶುರುವಾಗ್ತದೆ. ಈ ಹಳದಿ ಪಟ್ಟಿ ಮಾತ್ರ ಯಾಕೆ ದಾರಿ ಥರ ಉದ್ದುಕ್ಕೆ ಹೋಗೈತೆ?"

"ಅಲ್ಲೇ ಇರ್ಬೇಕು ಅತ್ತೆ ಮೀನು. ಗುಂಡಿ ತಂಪು, ಆದ್ರೆ ಅಲ್ಲಿ ಉಸಿರಾಡಕ್ಕೆ ಗಾಳಿ ಇಲ್ಲ. ಮೇಲ್ಗಡೆ ಗಾಳಿ ಐತೆ, ಬಿಸಿ. ಎರಡೂ ಸೇರೋದು ಈ ಪಟ್ಟೀಲಿ. ಬೆಳಿಗ್ಗೆ ಅಲ್ಲೇ ಗುಳ್ಳೆ ಏಳ್ತಿತ್ತು. ನೆಲ ಕೆದಕಿ ತಿನ್ನೋ ಗೆಂಡೆ ಮೀನು ಬಿಡೋ ಗುಳ್ಳೆ ಅಂತ ಮಾವನೇ ಅಂದ್ರು."

"ಸರಿ, ನಾಳೆ ಅಲ್ಲಿ ಹಾಕ್ಲಿ. ಇನ್ನೇನು?"

ಜಗಲಿಯ ಮೇಲೆ ಕೂತಿದ್ದ ಗಂಗಣ್ಣ ತನ್ನ ಕೈ ನೋಡಿಕೊಂಡ. ಅವನ ಕೈಯಲ್ಲಿ ಕಬ್ಬಿಣದ ಬಟ್ಟು ಇತ್ತು. ಕೊನೆಯ ಸಲ ಎತ್ತಿದಾಗ ಅದಕ್ಕೆ ಮೆತ್ತಿದ್ದ ಮಣ್ಣು ಇನ್ನೂ ಹಸಿಯಿತ್ತು. ಕೆಂಪು ಗರಸು, ನಡುವೆ ಬಿಳೀ ಬೆಣಚುಕಲ್ಲಿನ ಚೂರು. ಆ ಮಣ್ಣು ಕೆರೆಯ ಅಂಗಳದಲ್ಲಿ ಒಂದೇ ಕಡೆ ಇದ್ದದ್ದು.

"ಅಲ್ಲಿ ಹಾಕಕ್ಕಾಗಲ್ಲ," ಎಂದ.

"ಯಾಕೆ?"

"ಅದು ಕೊಂಡಪ್ಪನ ಹೊಲ."

ನವ್ಯಶ್ರೀಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊಲವೆಂದರೆ ನೀರೊಳಗಿನ ಹೊಲ. ಯಾವ ಪತ್ರವೂ ಇಲ್ಲದ, ಯಾವತ್ತೂ ಕೊಂಡಪ್ಪನದ್ದಾಗಿರದ ಕೆರೆಯಂಗಳ. ಮುನಿವೆಂಕಟಮ್ಮನಿಗೆ ಮಾತ್ರ ಕೂಡಲೇ ಅರ್ಥವಾಯಿತು. ಅವಳು ಹಣೆ ಚಚ್ಚಿಕೊಂಡಳು.

ಬತ್ತಿದ ಕಾಲದಲ್ಲಿ ಗಂಗಣ್ಣನ ಹುರುಳಿ ಹೊಲಕ್ಕೂ ಕೊಂಡಪ್ಪನ ಹೊಲಕ್ಕೂ ನಡುವೆ ಒಂದು ಬದು. ಉಳುವಾಗೆಲ್ಲ ಕೊಂಡಪ್ಪನ ನೇಗಿಲು ಬದುವನ್ನು ಇತ್ತ ತಳ್ಳುತ್ತದೆ ಎಂದು ಗಂಗಣ್ಣ. ಬದು ಇದ್ದಲ್ಲೇ ಇದೆ, ಗಂಗಣ್ಣನ ಕಣ್ಣು ಜರುಗಿದೆ ಎಂದು ಕೊಂಡಪ್ಪ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿ ಮಾತು ಬೆಳೆದಾಗ ಗಂಗಣ್ಣ ಎದ್ದು ನಿಂತು, "ಇನ್ನು ಈ ಕೊಂಡಪ್ಪನ ಹೊಲದಲ್ಲಿ ಕಾಲಿಟ್ರೆ ಗಂಗಮ್ಮನಾಣೆ" ಎಂದುಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಗಂಗಮ್ಮನ ಮೀನಿಗೋಸ್ಕರ ಗಂಗಮ್ಮನ ಆಣೆ ಮುರೀಲಾ?" ಎಂದು ಕೇಳಿದ ಗಂಗಣ್ಣ.

"ಆಣೆ ಇಳ್ಸೋದು ಗೊತ್ತಿಲ್ವಾ? ಹೋಗಿ ಅವನತ್ರ ಒಂದ್ ಹಿಡಿ ಹೊಲದ ಮಣ್ಣು ಇಸ್ಕೊ," ಎಂದಳು ಮುನಿವೆಂಕಟಮ್ಮ. ಯಾರ ನೆಲದ ಮೇಲೆ ಆಣೆ ಹಾಕಿದೆಯೋ ಅವರೇ ಆ ನೆಲದ ಮಣ್ಣನ್ನು ಕೈಗೆ ಹಾಕಿದರೆ ಆಣೆ ಇಳಿಯುತ್ತದೆ ಎನ್ನುವುದು ಊರಿನ ಲೆಕ್ಕ.

"ಮಣ್ಣು ನೀರೊಳಗೈತೆ."

"ನಿನ್ ತಲೆನೂ ಅಲ್ಲೇ ಐತೆ."

ಭಾನುವಾರ ಬೆಳಕು ಹರಿಯುವಾಗಲೇ ತೆಪ್ಪ ಬಿಟ್ಟರು. ನವ್ಯಶ್ರೀಗೆ ಅಂದು ರಜೆ. ಗಾಳಿ ಇರಲಿಲ್ಲ. ನೀರು ಹಾಸಿದಂತಿತ್ತು. ಸ್ವಲ್ಪ ದೂರದಲ್ಲಿ ಗುಳ್ಳೆಗಳು ಸಾಲಾಗಿ ಎದ್ದು ಒಡೆಯುತ್ತಿದ್ದವು. ಗಂಗಣ್ಣ ಅತ್ತಲೇ ನೋಡುತ್ತ ಗಳ ಒತ್ತಿದ. ಇದ್ದಕ್ಕಿದ್ದಂತೆ ಒಂದು ಕಡೆ ಗಳ ಊರಿ ತೆಪ್ಪ ನಿಲ್ಲಿಸಿದ.

ನವ್ಯಶ್ರೀ ಫೋನು ನೋಡಿ, "ಇನ್ನೂ ಹತ್ತು ಮಾರು ಆ ಕಡೆ ಮಾವ," ಎಂದಳು.

"ಇಷ್ಟೇ. ಇಲ್ಲಿಂದಾಚೆ ಬರಲ್ಲ."

ಅವಳು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ನೀಲಿ ಚುಕ್ಕಿ ಎರಡು ಚೌಕಗಳ ನಡುವಿನ ಸಣ್ಣ ಗೆರೆಯ ಮೇಲೆ ನಿಂತಿತ್ತು. ಫೋನು ನೋಡದೆ, ನೀರಿನಡಿಯ ಕಾಣದ ಬದುವಿನ ಮೇಲೆ ಮಾವ ತೆಪ್ಪವನ್ನು ತಂದು ನಿಲ್ಲಿಸಿದ್ದ. ಅವಳಿಗೆ ನಗು ಬಂತು. ಜೊತೆಗೇ ಬೇರೇನೋ ಬಂತು, ನಗು ಅಲ್ಲೇ ನಿಂತಿತು.

ಗಂಗಣ್ಣ ಎದ್ದು ನಿಂತು ಗಾಳವನ್ನು ಆದಷ್ಟು ದೂರ ಎಸೆದ. ಬಿದಿರ ಕೋಲಿಗೆ ಕಟ್ಟಿದ ಟಂಗೂಸಿ ದಾರ ಎಷ್ಟು ದೂರ ಹೋದೀತು. ಬೆಂಡು ಅರ್ಧದಾರಿಗೇ ಬಿದ್ದು ಕೂತಿತು. ಮತ್ತೆ ಎಳೆದ, ಮತ್ತೆ ಎಸೆದ. ಗುಳ್ಳೆಗಳು ಅಲ್ಲಿ ತಮ್ಮ ಪಾಡಿಗೆ ಒಡೆಯುತ್ತಿದ್ದವು. ನಾಳೆ ಈ ಹೊತ್ತಿಗೆ ಬಲೆ ಇಳಿದಿರುತ್ತದೆ. ಅದರಲ್ಲಿ ಬರುವ ಮೊದಲ ಮೀನು ಬರೀ ತೂಕ, ನೇರ ಐಸ್ ಪೆಟ್ಟಿಗೆಗೆ.

ದಡದಲ್ಲಿ ಯಾರೋ ಹಸುವಿಗೆ ನೀರು ಕುಡಿಸುತ್ತಿದ್ದರು. ಆ ಆಸಾಮಿ ಕೈ ಅಡ್ಡ ಹಿಡಿದು ಇತ್ತ ನೋಡಿದ. ನೋಡಿ, ತಡೆಯಲಾರದೆ ಕೂಗಿದ.

"ಏಯ್, ನನ್ನ ಬದುವಿನ ಮೇಲೆ ಕೂತ್ಕೊಂಡು ಏನಯ್ಯಾ ಮಾಡ್ತಿದ್ದೀಯ?"

ಕೊಂಡಪ್ಪ. ಫೋನಿಲ್ಲದೆ, ಅಷ್ಟು ದೂರದಿಂದ, ಅವನಿಗೂ ಗೊತ್ತಿತ್ತು.

ಗಂಗಣ್ಣ ತಿರುಗಿ ನೋಡದೆ ನವ್ಯಶ್ರೀಗೆ ಹೇಳಿದ, "ಅವನ್ದಲ್ಲ, ಬದು ನಂದು ಅಂತ ಹೇಳಮ್ಮ."

"ನೀವೇ ಹೇಳಿ ಮಾವ."

"ನಾನು ಮಾತಾಡ್ಸಲ್ಲ."

ಅವಳು ಕೂಗಿದಳು. "ಕೊಂಡಪ್ಪ ಮಾವ, ಮೀನು ನಿಮ್ಮ ಹೊಲದಲ್ಲವೆ. ನಮ್ಮ ಮಾವ ಆಣೆ ಹಾಕಿದ್ರಂತೆ, ಬರಲ್ಲ ಅಂತ ಕೂತವ್ರೆ. ನಾಳೆ ಬಲೆ ಬಿಡ್ತಾರೆ."

ಕೊಂಡಪ್ಪ ಹಸುವಿನ ಹಗ್ಗವನ್ನು ಒಂದು ಬೊಡ್ಡೆಗೆ ಸುತ್ತಿದ. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು ನಿಂತ. "ತೆಪ್ಪ ಇಲ್ಲಿಗೆ ತಗೊಂಬಾರಮ್ಮ. ಇಬ್ಬರು ಕೂತವ್ರೆ, ಮೂರನೇವನ್ನ ತಡ್ಕೊಂತದಾ?"

ಗಳ ಗಂಗಣ್ಣನ ಕೈಯಲ್ಲಿತ್ತು. ಅವನು ಒತ್ತಲಿಲ್ಲ, ಹಿಡಿದುಕೊಂಡೇ ಇದ್ದ. ನವ್ಯಶ್ರೀ ಹಗ್ಗದ ಗಂಟುಗಳನ್ನು ಸರಿ ಮಾಡುತ್ತ ಕೂತಳು. ಗುಳ್ಳೆಗಳ ಸಾಲು ಮೆಲ್ಲಗೆ ಆಚೆ ಸರಿಯುತ್ತಿತ್ತು. ಗಂಗಣ್ಣ ಗಳವನ್ನು ದಡದ ಕಡೆಗೆ ಒತ್ತಿದ.

ಕೊಂಡಪ್ಪ ಹತ್ತಿದಾಗ ತೆಪ್ಪ ಒಂದು ಕಡೆಗೆ ವಾಲಿತು. "ಕಾಲಿಡಲ್ಲ ಅಂತ ಆಣೆ ಹಾಕ್ದೋನು ತೆಪ್ಪ ಇಡಲ್ಲ ಅಂತ ಹಾಕಿರ್ಲಿಲ್ವಲ್ಲಮ್ಮ," ಎಂದ ಅವನು, ಗಂಗಣ್ಣನಿಗೆ ಕೇಳುವಂತೆ ನವ್ಯಶ್ರೀಗೆ.

"ಅಂಥ ಕಳ್ಳ ಲೆಕ್ಕ ತೂಬಿನ ಮನೇಲಿಲ್ಲ," ಎಂದ ಗಂಗಣ್ಣ, ಅವನೂ ನವ್ಯಶ್ರೀಗೆ.

ನವ್ಯಶ್ರೀ ಕೊಂಡಪ್ಪನಿಗೆ ಫೋನು ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿ ಬಿಳೀ ಗೆರೆಯ ಮೇಲೆ ಬೆರಳಿಟ್ಟ. "ಇದೇನು ಅಂತ ಗೊತ್ತಾ?"

"ಗಾಡಿ ಜಾಡು ಇರ್ಬೇಕು ಅಂದ್ಕೊಂಡೆ."

"ಟಿಪ್ಪರ್ ಇಳಿದ ದಾರಿ ಕಣಮ್ಮ. ನನ್ನ ಹೊಲದ ಮೇಲೇ ಇಳಿದ್ವು. ಬೇಡ ಅಂತ ಅಡ್ಡ ಮಲಗಿದ್ದೆ. ಎತ್ತಿ ಪಕ್ಕಕ್ಕಿಟ್ಟು ಹೋದ್ರು. ಹೊಲ ಅರ್ಧ ಗುಂಡಿಗೆ ಹೋಯ್ತು. ಉಳಿದಿದ್ದು ಆ ಇಳಿಜಾರು ಒಂದೇ."

ಅವಳಿಗೆ ಹಳದಿ ಪಟ್ಟಿ ಯಾಕೆ ದಾರಿಯಂತೆ ಹೋಗಿತ್ತೆಂಬುದು ಹೊಳೆಯಿತು. ಅದು ದಾರಿಯೇ ಆಗಿತ್ತು. ಬಿಸಿ ಮೇಲುನೀರಿನಿಂದ ತಂಪಿನ ಗುಂಡಿಗೆ ಇಳಿಯುವ ಗರಸಿನ ದಾರಿ. ಮೀನುಗಳು ಬಿಸಿಲೇರಿದಂತೆ ಅದರಲ್ಲಿ ಇಳಿದು, ಸಂಜೆಯಾದಂತೆ ಹತ್ತುತ್ತಿದ್ದವು. ಗಂಗಣ್ಣನೂ ಅಷ್ಟೇ ಹೊತ್ತು ಆ ಗೆರೆಯನ್ನು ನೋಡುತ್ತಿದ್ದ. ಕೊಂಡಪ್ಪ ಟಿಪ್ಪರಿಗೆ ಅಡ್ಡ ಮಲಗಿದ್ದು ಅವನಿಗೆ ಗೊತ್ತಿರಲಿಲ್ಲ. ಮಾತು ಬಿಟ್ಟ ವರ್ಷಗಳಲ್ಲಿ ನಡೆದದ್ದು.

ಮೂವರೂ ಬದುವಿನ ತನಕ ಬಂದರು. ನವ್ಯಶ್ರೀ ಹಗ್ಗ ಬೀಸಿ ಬಟ್ಟನ್ನು ಆಚೆ ಎಸೆದಳು. ಅದು ಕೊಂಡಪ್ಪನ ಹೊಲದಲ್ಲಿ ಬಿದ್ದು ತಳ ಮುಟ್ಟಿತು. ನಿಧಾನವಾಗಿ, ತಳದ ಮೇಲೆ ತಾಕಿಸುತ್ತ ಎಳೆದಳು. ಬಟ್ಟು ಮೇಲೆ ಬಂದಾಗ ಅದರ ಅಡಿಗೆ ಕೆಂಪು ಗರಸು ಮೆತ್ತಿತ್ತು. ಅವಳು ಅದನ್ನು ಕೊಂಡಪ್ಪನ ಮುಂದೆ ಹಿಡಿದಳು.

"ನಿಮ್ಮ ಹೊಲದ್ದೇನಾ ನೋಡಿ ಮಾವ."

ಕೊಂಡಪ್ಪ ಬೆರಳಲ್ಲಿ ಮಣ್ಣು ತೆಗೆದು ಉಜ್ಜಿದ. ಬೆಣಚುಕಲ್ಲಿನ ಚೂರನ್ನು ಬೆಳಕಿಗೆ ಹಿಡಿದ. ಅಷ್ಟು ಹೊತ್ತು ಅವನ ಮುಖದಲ್ಲಿದ್ದ ಕೀಟಲೆ ಹೋಗಿತ್ತು. "ಇದೇ," ಎಂದ. "ಹುರುಳಿ ಬಿಟ್ರೆ ಏನೂ ಬೆಳೀತಿರ್ಲಿಲ್ಲ ದರಿದ್ರ ನೆಲ." ಬಟ್ಟಿನಲ್ಲಿದ್ದಷ್ಟನ್ನೂ ಬಳಿದು ಮುಷ್ಟಿ ಮಾಡಿಕೊಂಡು ಗಂಗಣ್ಣನ ಕಡೆ ತಿರುಗಿದ. "ಹಿಡಿಯಯ್ಯಾ ಕೈ."

ಗಂಗಣ್ಣ ಗಳವನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಒಡ್ಡಿದ. ಮಣ್ಣು ಬಿತ್ತು. ತಣ್ಣಗಿತ್ತು. ಅವನು ಅದನ್ನು ಕಣ್ಣಿಗೊತ್ತಿ ನೀರಿಗೆ ಬಿಟ್ಟ.

"ಬದು ಮಾತ್ರ ನೀನು ಜರುಗ್ಸಿದ್ದೆ," ಎಂದ ಕೈ ತೊಳೆಯುತ್ತ.

"ಒಂದು ಗೇಣು," ಎಂದ ಕೊಂಡಪ್ಪ. "ಮೊಳ ಅಂತ ಊರೆಲ್ಲ ಸಾರಿದ್ಯಲ್ಲ."

ಗಂಗಣ್ಣ ಗಳ ಒತ್ತಿದ. ತೆಪ್ಪ ಬದು ದಾಟಿತು.

ನವ್ಯಶ್ರೀ ಕಡ್ಡಿ ಇಳಿಸಿ ಮೀಟರು ನೋಡುತ್ತ ಹೋದಳು. "ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಇಲ್ಲಿ ನಿಲ್ಸಿ. ಇಪ್ಪತ್ತೇಳೂವರೆ. ಆರನೇ ಗಂಟಿಗೆ ನೆಲ." ಗಂಗಣ್ಣ ಬೆಂಡನ್ನು ಆರು ಮೊಳಕ್ಕೆ ಜರುಗಿಸಿ ಕಟ್ಟಿದ. ಉಂಡೆ ಚುಚ್ಚಿ, ಎಸೆಯದೆ, ತೆಪ್ಪದ ಪಕ್ಕಕ್ಕೇ ಮೆಲ್ಲನೆ ಇಳಿಬಿಟ್ಟ. ಕೊಂಡಪ್ಪ ಬೀಡಿ ತೆಗೆದು, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. ಯಾರೂ ಅಲುಗಲಿಲ್ಲ.

ಬಿಸಿಲು ಹಲಗೆಯ ಮೇಲೆ ಬಂತು. ಬೆಂಡು ಒಂದು ಸಲ ನಡುಗಿತು. ಮತ್ತೆ ಸುಮ್ಮನಾಯಿತು. ಆಮೇಲೆ ಅದು ಮುಳುಗಲಿಲ್ಲ, ಮೆಲ್ಲಗೆ ಪಕ್ಕಕ್ಕೆ ನಡೆಯತೊಡಗಿತು, ಯಾರೋ ಕೈಹಿಡಿದು ಕರೆದುಕೊಂಡು ಹೋಗುವಂತೆ.

"ಗೆಂಡೆ," ಎಂದು ಪಿಸುಗುಟ್ಟಿದ ಕೊಂಡಪ್ಪ. "ತಡ್ಕೊ."

"ಗೊತ್ತು ಸುಮ್ನಿರು."

ಬೆಂಡು ಓರೆಯಾಗಿ ಒಳಕ್ಕೆ ಜಾರಿದಾಗ ಗಂಗಣ್ಣ ಕೋಲೆತ್ತಿದ. ಬಿದಿರು ಬಿಲ್ಲಿನಂತೆ ಬಾಗಿತು. ತೆಪ್ಪ ಒಂದು ಅರ್ಧ ಸುತ್ತು ತಿರುಗಿತು. ಕೊಂಡಪ್ಪ ಗಳ ಊರಿ ಹಿಡಿದ. ಮೀನು ಗುಂಡಿಯ ಕಡೆಗೆ ಇಳಿಯಲು ನೋಡಿತು, ಗಂಗಣ್ಣ ಬಿಟ್ಟುಕೊಟ್ಟ. ದಡದ ಕಡೆಗೆ ಬಂತು, ಎಳೆದುಕೊಂಡ. ಅವನ ಮುಖದ ಮೇಲೆ ನವ್ಯಶ್ರೀ ಅದುವರೆಗೆ ಕಾಣದ ಒಂದು ಹುರುಪಿತ್ತು. ತಾನು ಅಂಕಿಯಲ್ಲಿ ಹುಡುಕಿದ್ದನ್ನು ಆತ ಬೆರಳ ತುದಿಯಲ್ಲಿ ಕೇಳಿಸಿಕೊಳ್ಳುತ್ತಿರುವಂತೆ ಅವಳಿಗೆ ತೋರಿತು. ಸೋತ ಮೀನು ಕಡೆಗೆ ಮಗ್ಗುಲಾಗಿ ಮೇಲೆ ಬಂದಾಗ ಅದರ ಹೊಟ್ಟೆ ಬಂಗಾರದಂತೆ ಹೊಳೆಯಿತು. ಅವಳು ಬಗ್ಗಿ, ಮಾವ ಹೇಳಿದಂತೆ ಕಿವಿರಿಗೆ ಕೈ ತಾಗಿಸದೆ, ಎರಡೂ ಅಂಗೈಯಲ್ಲಿ ಅದನ್ನು ಎತ್ತಿ ತೆಪ್ಪದ ಮೇಲೆ ನೀರು ತುಂಬಿಟ್ಟಿದ್ದ ಬಾಣಲೆಗೆ ಬಿಟ್ಟಳು.

ತೂಬಿನ ಬಳಿ ಮುನಿವೆಂಕಟಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬೆಳಿಗ್ಗೆಯಿಂದಲೇ ಕಾಯುತ್ತಿದ್ದಳು. ಆಂಜಿನಪ್ಪ ಅಂಗಡಿ ಬಿಟ್ಟು ಬಂದಿದ್ದ. ಟೀ ಕುಡಿಯುತ್ತಿದ್ದ ನಾಲ್ಕು ಜನ ಲೋಟದ ಸಮೇತ ಬಂದಿದ್ದರು. ತೆಪ್ಪದಲ್ಲಿ ಕೊಂಡಪ್ಪನನ್ನು ಕಂಡು ಎಲ್ಲರೂ ಮುಖ ಮುಖ ನೋಡಿಕೊಂಡರು. ಆಂಜಿನಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ.

"ಇಬ್ರೂ ಸೇರಿ ಹೊಸಕೋಟೆಗೆ ಹೋಗಿದ್ರಾ?"

"ನಿನ್ ಟೀ ಕೆಟ್ಟೋಗ್ತದೆ, ಹೋಗು," ಎಂದ ಕೊಂಡಪ್ಪ.

ಮೀನಿಗೆ ಅರಿಸಿನ ಇಡುವುದು ತೂಬಿನ ಮನೆಯ ಹಿರಿಯನ ಕೆಲಸ. ಮುನಿವೆಂಕಟಮ್ಮ ತಟ್ಟೆ ಮುಂದೆ ಮಾಡಿದಳು. ಗಂಗಣ್ಣ ಬೆರಳಿಗೆ ಅರಿಸಿನ ತೆಗೆದುಕೊಂಡ. ತೆಗೆದುಕೊಂಡು, ಮೀನಿನ ಕಡೆ ಕೈ ಚಾಚದೆ, ನವ್ಯಶ್ರೀಯನ್ನು ನೋಡಿದ.

"ನೀನಿಡಮ್ಮ."

"ನಾನಾ ಮಾವ?"

"ನಾನು ಅಪ್ಪನ ಕೆರೇಲಿ ಹುಡುಕ್ತಿದ್ದೆ. ಈಗಿರೋ ಕೆರೆ ಹುಡುಕ್ದೋಳು ನೀನು."

ಅವನು ಅಷ್ಟು ಉದ್ದ ಮಾತಾಡಿದ್ದು ಅವನಿಗೇ ಮುಜುಗರವಾಗಿ, ತೂಬಿನ ಕಲ್ಲಿನ ಮೇಲಿದ್ದ ಒಣಗಿದ ಹೂವನ್ನು ತೆಗೆಯತೊಡಗಿದ. ನವ್ಯಶ್ರೀ ಮೀನಿನ ಹಣೆಗೆ ಅರಿಸಿನ ಇಟ್ಟಳು, ಅದರ ಮೇಲೆ ಕುಂಕುಮ. ಮುನಿವೆಂಕಟಮ್ಮ ಕರ್ಪೂರ ಬೆಳಗಿದಳು. ಗಂಗಣ್ಣ ಬಾಣಲೆಯಿಂದ ಮೀನನ್ನು ಎತ್ತಿ ಕಲ್ಲಿಗೆ ತೋರಿಸಿ, ಸೋಪಾನ ಇಳಿದು ನೀರಲ್ಲಿ ಕೂತು, ಕೈ ಸಡಿಲ ಮಾಡಿದ. ಅದು ಸ್ವಲ್ಪ ಹೊತ್ತು ಅವನ ಕೈಗಳ ನಡುವೆಯೇ ಕಿವಿರು ಆಡಿಸುತ್ತ ನಿಂತಿತ್ತು. ಆಮೇಲೆ ಬಾಲ ಬೀಸಿತು. ನೀರಿನ ಮೇಲೆ ಒಂದೆಳೆ ಅರಿಸಿನ ಉಳಿಯಿತು.

ಎಲ್ಲರೂ ಅದು ಹೋದ ದಿಕ್ಕನ್ನು ನೋಡುತ್ತಿದ್ದರು. ಕೊಂಡಪ್ಪ ಕಿವಿಯಿಂದ ಬೀಡಿ ತೆಗೆದು ಈಗ ಹಚ್ಚಿದ.

"ನೋಡಯ್ಯಾ," ಎಂದ. "ನೆಟ್ಟಗೆ ನನ್ನ ಹೊಲಕ್ಕೇ ಹೋಯ್ತು."

"ಹೋಗ್ಲಿ," ಎಂದ ಗಂಗಣ್ಣ ಮೇಲೆ ಬರುತ್ತ. "ಬಾ, ಮನೇಲಿ ಮುದ್ದೆ ಐತೆ. ಅಂಗಳದಲ್ಲಿ ನನ್ನ ಸೊಸೆ ಕೆರೆ ಬರ್ದವ್ಳೆ. ತುಳೀದಂಗೆ ಬಾ. ನಿನ್ನ ಹೊಲ ತೋರುಸ್ತೀನಿ."